‘ತಾರ್ದೆ’ ಬಳಸಿದರೆ ಅರ್ಥ ಯಾಕೆ ಕೆಡುತ್ತಿದೆ?

ಪ್ರಶ್ನೆ:
ಡೆಲ್ಫ್ ಬಿ1 (ಫ್ರೆಂಚ್ ಭಾಷೆಯ ಮಧ್ಯಮ ಮಟ್ಟದ) ಪರೀಕ್ಷೆಗೆ ಓದುತ್ತಿದ್ದೇನೆ. ‘ಕ್ಷಮಿಸಿ, ನನಗೆ ತಡವಾಯಿತು’ ಅನ್ನೋದಕ್ಕೆ ‘ಇಲ್ ಮ ತಾರ್ದ್’ ಅಂತ ಬರೆದೆ. ತಪ್ಪು ಅಂದರು. ‘ಜ ಸ್ವಿ ತಾರ್’ ಬರೆದೆ, ಅದೂ ತಪ್ಪಂತೆ. ನಿಘಂಟಿನಲ್ಲಿ ತಾರ್ದೆ ಅಂದ್ರೆ ತಡಮಾಡು ಅಂತಲೇ ಇದೆಯಲ್ಲ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ:
ನಿಮ್ಮ ತಲೆಯಲ್ಲಿ ಓಡಿದ್ದು ಕನ್ನಡದ ‘ನನಗೆ’. ‘ಇಲ್ ಮ ತಾರ್ದ್’ನಲ್ಲೂ ‘ನನಗೆ’ ಇದೆ, ನಿಜ. ಆದರೆ ಅದರ ಅರ್ಥ ‘ಯಾವಾಗ ಆಗುತ್ತೋ ಅಂತ ಕಾಯ್ತಾ ಇದ್ದೀನಿ’ ಅಂತ. ‘ಇಲ್ ಮ ತಾರ್ದ್ ದ ತ ವ್ವಾರ್’ ಅಂದ್ರೆ ನಿನ್ನನ್ನು ಯಾವಾಗ ನೋಡ್ತೀನೋ ಅನ್ನಿಸ್ತಿದೆ. ದಕ್ಷಿಣ ಫ್ರಾನ್ಸಿನ ಕಡೆ ಈ ಮಾತು ಜಾಸ್ತಿ. ತಡವಾಗಿ ಬಂದು ಹೀಗಂದ್ರೆ ಎದುರಿನವರು ‘ಯಾವುದಕ್ಕೆ ಇಷ್ಟು ಆತುರ?’ ಅಂದುಕೊಳ್ಳುತ್ತಾರೆ!

ನಿಮಗೆ ಬೇಕಿರುವುದು ‘ಜ ಸ್ವಿ ಆಂ ರತಾರ್’. ಹೇಳಿದ ಹೊತ್ತು ಮೀರಿದ್ದರೆ ಯಾವಾಗಲೂ ಇದೇ. ಬರೀ ‘ತಾರ್’ ಗಡಿಯಾರದ ಹೊತ್ತಿಗೆ. ರಾತ್ರಿ ಹನ್ನೊಂದಕ್ಕೆ ‘ಇಲ್ ಎ ತಾರ್’ ಅನ್ನಬಹುದು, ಹೊತ್ತಾಯ್ತು ಅಂತ. ‘ನಾನು ತಡವಾದೆ’ ಅನ್ನೋಕೆ ಅದು ಹೊಂದುವುದಿಲ್ಲ.

ತಾರ್ದೆ ಅಂದ್ರೆ ಮಾಡಬೇಕಾದ ಕೆಲಸವನ್ನು ಎಳೆಯುವುದು. ಅದರ ನಂತರ ‘ಆ’ ಸೇರಿಸಿ ಇನ್ನೊಂದು ಕ್ರಿಯಾಪದ ಇಡಿ: ‘ಜೆ ತಾರ್ದೆ ಆ ರೆಪೋಂದ್ರ್’, ಉತ್ತರ ಕೊಡೋಕೆ ತಡಮಾಡಿದೆ. ಈಮೇಲಿನಲ್ಲಿ ಕ್ಷಮೆ ಕೇಳೋಕೆ ಸರಿಯಾದ ಮಾತು. ಭೂತಕಾಲಕ್ಕೆ ‘ಅವ್ವಾರ್’ (ಹೊಂದಿರು) ಸಹಾಯಕ ಕ್ರಿಯಾಪದ, ‘ಎತ್ರ್’ (ಆಗಿರು) ಅಲ್ಲ. ಉಳಿದ ರೂಪಗಳು ‘ಪಾರ್ಲೆ’ (ಮಾತಾಡು) ಥರವೇ, ಅದರಲ್ಲಿ ತಲೆನೋವಿಲ್ಲ.

ಪ್ರಶ್ನೆ:
ಥ್ಯಾಂಕ್ಸ್! ಹಾಗಾದರೆ ‘ಇಲ್ ನ ವಾ ಪಾ ತಾರ್ದೆ’? ಆಡಿಯೊದಲ್ಲಿ ಕೇಳಿದೆ. ‘ಅವನು ತಡಮಾಡಲ್ಲ’ ಅಂತ ತಾನೆ?

ಉತ್ತರ:
ಪದಕ್ಕೆ ಪದ ಹಾಗೇ. ಆದರೆ ಜನ ಹೇಳುವುದು ‘ಇನ್ನೇನು ಬಂದುಬಿಡ್ತಾನೆ’ ಅಂತ. ಅವನು ಆಗಲೇ ಅರ್ಧ ಗಂಟೆ ತಡವಾಗಿದ್ದರೂ ಹೀಗೇ ಅನ್ನುತ್ತಾರೆ. ಆಲಿಸುವ ಪರೀಕ್ಷೆಯಲ್ಲಿ ಇದನ್ನು ಕೇಳಿ ‘ಸಮಯಕ್ಕೆ ಸರಿಯಾಗಿ ಬಂದ’ ಅಂತ ಗುರುತು ಹಾಕಬೇಡಿ.

ಇನ್ನೊಬ್ಬರ ಉತ್ತರ:
‘ರತಾರ್ದೆ’ ಬೇರೆ, ಬೆರೆಸಬೇಡಿ. ಅದು ಯಾವುದನ್ನೋ ತಡವಾಗಿಸುವುದು. ಗಡಿಯಾರ ಐದು ನಿಮಿಷ ಹಿಂದೆ ಓಡ್ತಿದ್ರೂ ಅದೇ: ‘ಮಾ ಮೋಂತ್ರ್ ರತಾರ್ದ್ ದ ಸ್ಯಾಂಕ್ ಮಿನ್ಯುತ್’. ರೈಲು ತಡವಾದರೆ ಸುಮ್ನೆ ‘ಲ ತ್ರ್ಯಾಂ ಆ ದ್ಯು ರತಾರ್’ ಅನ್ನಿ, ಸಾಕು.