ಕಂಪ್ಯೂಟರಿಗೆ ಬಾಯೇ ಇಲ್ಲ, ಸೌಂಡ್ ಕಾರ್ಡ್ ಹೋಗಿದ್ದೇ ಹೌದಾ? ಅನುಭವ ಇದ್ದವರು ಹೇಳಿ

ಕೇಳ್ತಿರೋದು ತೀರ್ಥಹಳ್ಳಿ ಕಡೆಯಿಂದ:
ಮನೆ ಡೆಸ್ಕ್‌ಟಾಪ್‌ನಲ್ಲಿ ಹತ್ತು ದಿನದಿಂದ ಸೌಂಡ್ ಇಲ್ಲ. 2016ರಲ್ಲಿ ಜೋಡಿಸಿದ್ದು. ಬೋರ್ಡ್‌ನಲ್ಲೇ ಇರೋ ರಿಯಲ್‌ಟೆಕ್ ಸೌಂಡ್ ಚಿಪ್ಪು, ವಿಂಡೋಸ್ 10. ಪುನರ್ವಸು ಮಳೆಗೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಆನ್ ಮಾಡಿದ್ರೆ ಬಾಕಿದೆಲ್ಲ ಸರಿ, ಸದ್ದು ಮಾತ್ರ ಇಲ್ಲ. ಅದೇ ಸ್ಪೀಕರ್ ಮೊಬೈಲಿಗೆ ಹಾಕಿದ್ರೆ ಚೆನ್ನಾಗಿ ಕೇಳುತ್ತೆ. ಡ್ರೈವರ್ (ಸೌಂಡ್ ಚಿಪ್ ನಡೆಸೋ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದ್ದೂ ಆಯ್ತು. ಅಂಗಡಿಗೆ ಫೋನ್ ಮಾಡಿದ್ರೆ, ನೋಡದೇನೇ "ಸೌಂಡ್ ಹೋಗಿದೆ, ಬೋರ್ಡೇ ಬದಲಿಸಬೇಕು" ಅಂದ್ರು. ಈ ಮಳೇಲಿ ಸಿಪಿಯು ಹೊತ್ಕೊಂಡು 60 ಕಿ.ಮೀ. ಶಿವಮೊಗ್ಗಕ್ಕೆ ಹೋಗೋ ಮೊದಲು ಮನೇಲೇ ಏನಾದ್ರೂ ನೋಡಬಹುದಾ? ಅಪ್ಪನಿಗೆ ರಾತ್ರಿ ತಾಳಮದ್ದಳೆ ಕೇಳದೆ ನಿದ್ದೆ ಬರಲ್ಲ. ನಮಗೆ ಅವರ ಗೊಣಗಾಟಕ್ಕೆ ನಿದ್ದೆ ಬರಲ್ಲ.

ಸಾಗರ:
ನನಗೂ ಹೀಗೇ ಆಗಿತ್ತು. ಹೊಸ ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿ ಹಾಕಿದ್ದೆ. ಸೌಂಡೆಲ್ಲ ಮಾನಿಟರಿಗೆ ಹೋಗ್ತಿತ್ತು, ಅದಕ್ಕೆ ಸ್ಪೀಕರೇ ಇಲ್ಲ! ಗಡಿಯಾರದ ಹತ್ತಿರ ಇರೋ ಸ್ಪೀಕರ್ ಚಿತ್ರ ಒತ್ತಿ ರಿಯಲ್‌ಟೆಕ್ ಅಂತ ಇರೋದನ್ನ ಆರಿಸಿ. ನಾನು ಎರಡು ದಿನ ಒದ್ದಾಡಿದ್ದು ಇಷ್ಟಕ್ಕೇ, ಮನೇಲಿ ಇನ್ನೂ ಆಡ್ಕೋತಾರೆ.

ಶಿವಮೊಗ್ಗ, ರಿಪೇರಿ ಕೆಲಸ ಮಾಡೋನು:
ಸರ್, ಈಗಲೇ ಬೋರ್ಡ್ ಮಾತು ಬೇಡ. ಮೊದಲು ಒಂದು ವಿಷಯ ನೋಡಿ ಹೇಳಿ. ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು ಇದೆಯಾ? ಅಥವಾ ಚಿತ್ರ ಸರಿ ಇದ್ದು, ಹಾಡು ಹಾಕಿದಾಗ ಪ್ಲೇಬ್ಯಾಕ್ ಪಟ್ಟಿಯಲ್ಲಿ (ಸೌಂಡ್ ಸೆಟ್ಟಿಂಗ್‌ನಲ್ಲಿ ಸ್ಪೀಕರ್, ಹೆಡ್‌ಫೋನ್ ಎಲ್ಲ ತೋರಿಸೋ ಪಟ್ಟಿ) ಹಸಿರು ಕಡ್ಡಿ ಮೇಲೆ ಕೆಳಗೆ ಕುಣಿಯುತ್ತಾ? ಈ ಎರಡಕ್ಕೂ ದಾರಿ ಪೂರಾ ಬೇರೆ.

ಕೆಂಪು ಗುರುತು ಇದ್ರೆ ಕಂಪ್ಯೂಟರಿಗೆ ಚಿಪ್ಪೇ ಕಾಣ್ತಿಲ್ಲ ಅಂತ. ಆಗ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಏಳೋ, ಬೋರ್ಡಿನದೇ ಸೆಟ್ಟಿಂಗ್ ಜಾಗ) ಆನ್‌ಬೋರ್ಡ್ ಆಡಿಯೋ ಆಫ್ ಆಗಿದೆಯಾ ನೋಡಬೇಕು. ಹಳೇ ಮಿಷನ್‌ಗಳಲ್ಲಿ ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿದ್ರೆ, ಹೀಗೆ ದಿನಗಟ್ಟಲೆ ಕರೆಂಟ್ ಹೋದಾಗ ಬಯಾಸ್ ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತೆ. ತಾರೀಖು, ಗಂಟೆ ತಪ್ಪು ತೋರಿಸ್ತಿದ್ರೆ ಅದೇ ಸುಳಿವು. ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಹಾಕಿದಾಗ ಚಿಪ್ ಎದ್ದು ಕೂತಿದ್ದನ್ನೂ ನೋಡಿದೀನಿ. ಸುಮ್ಮನೆ ಶಟ್‌ಡೌನ್ ಕೊಟ್ರೆ ಸಾಲಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ರೆ ವಿಂಡೋಸ್ ಪೂರ್ತಿ ಮಲಗೋದೇ ಇಲ್ಲ, ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಡಿ.

ಕಡ್ಡಿ ಕುಣಿದೂ ಸದ್ದಿಲ್ಲ ಅಂದ್ರೆ ಡ್ರೈವರ್ ಸುದ್ದಿಗೆ ಹೋಗೋದು ದಂಡ. ಸೌಂಡ್ ಹೊರಟಿದೆ, ದಾರೀಲಿ ಎಲ್ಲೋ ತಪ್ಪಿಸಿಕೊಂಡಿದೆ.

ಹೊಸನಗರ, ಶಾಲೆ ಟೀಚರ್:
ಬೇಜಾರಾಗಿದ್ರೆ ಸುಲಭದ ದಾರಿ ಹೇಳ್ತೀನಿ, ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಹೆಬ್ಬೆರಳಿನಷ್ಟು ಇರುತ್ತೆ. 2020ರಲ್ಲಿ ಆನ್‌ಲೈನ್ ಪಾಠ ಮಾಡುವಾಗ ಸಿಡಿಲಿಗೆ ನನ್ನ ಲ್ಯಾಪ್‌ಟಾಪಿನ ಜಾಕ್ ಹೋಯ್ತು. ಮುನ್ನೂರು ರೂಪಾಯಿ ಒಳಗೇ ಬಂತು, ಡ್ರೈವರ್ ಎಂತದೂ ಬೇಡ, ಚುಚ್ಚಿದ ಕೂಡಲೆ ಕೆಲಸ ಮಾಡ್ತು. ಇವತ್ತಿಗೂ ಅದೇ. ಅಂದಹಾಗೆ ನಾನು ಪ್ಲಗ್ ಕಿತ್ತಿದ್ದೆ, ಆದರೆ ಇಂಟರ್‌ನೆಟ್ ಕೇಬಲ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದಂಗೇ ಇತ್ತು. ಸಿಡಿಲು ಅದರಲ್ಲೇ ಬಂದಿದ್ದು ಅಂದ್ರು. ಗುಡುಗು ಶುರುವಾದ್ರೆ ಎರಡೂ ಕೀಳಿ.

ತೀರ್ಥಹಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಮಾನಿಟರ್ ಹಳೇದು, ಎಚ್‌ಡಿಎಂಐ ಇಲ್ಲವೇ ಇಲ್ಲ. ಗಂಟೆ ಸರಿ ಇದೆ. ಹಸಿರು ಕಡ್ಡಿ ಕುಣೀತಿದೆ! ಆದ್ರೆ ಒಂದು ವಿಚಿತ್ರ, ಕಡ್ಡಿ ಕುಣಿಯೋದು "ಹೆಡ್‌ಫೋನ್" ಅನ್ನೋದರ ಪಕ್ಕ. ಮುಂದೆ ಹೆಡ್‌ಫೋನ್ ಹಾಕಿಲ್ಲ. ಸ್ಪೀಕರ್ ಇರೋದು ಹಿಂದಿನ ಹಸಿರು ತೂತಿನಲ್ಲಿ.

ಶಿವಮೊಗ್ಗ:
ಸಿಕ್ತು ಬಿಡಿ. ಕಾರ್ಡ್ ಸತ್ತಿಲ್ಲ. ಮುಂದಿನ ಹೆಡ್‌ಫೋನ್ ತೂತಿನ ಒಳಗೆ ಸಣ್ಣ ತಗಡಿನ ಸ್ವಿಚ್ ಇರುತ್ತೆ. ಪಿನ್ ಹೋದಾಗ ಅದು ಅಲುಗಾಡಿ ಚಿಪ್ಪಿಗೆ "ಹೆಡ್‌ಫೋನ್ ಬಂತು" ಅಂತ ತಿಳಿಸುತ್ತೆ, ಚಿಪ್ ಹಿಂದಿನ ಸ್ಪೀಕರ್ ಬಂದ್ ಮಾಡುತ್ತೆ. ನಮ್ಮ ಕಡೆ ಮಳೆಗಾಲದ ಥಂಡಿಗೆ ಆ ತಗಡು ಕಿಲುಬು ಹಿಡಿದು ಅಲ್ಲೇ ಅಂಟಿಕೊಳ್ಳುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಹತ್ತಿರ "ಸೌಂಡ್ ಕಾರ್ಡ್ ಹೋಗಿದೆ" ಅಂತ ಬರೋದರಲ್ಲಿ ಇದೇ ಜಾಸ್ತಿ.

ಮೊದಲು ಒಂದು ಹೆಡ್‌ಫೋನ್ ಪಿನ್ ಆ ತೂತಿಗೆ ಇಪ್ಪತ್ತು ಸಲ ಹಾಕಿ ತೆಗೀರಿ. ಆಗಲಿಲ್ಲ ಅಂದ್ರೆ ರಿಯಲ್‌ಟೆಕ್‌ನ ಹಳೇ ಆಡಿಯೋ ಮ್ಯಾನೇಜರ್ ಇದ್ದರೆ, ಅದರಲ್ಲಿ ಮುಂದಿನ ಜಾಕ್ ಡಿಟೆಕ್ಷನ್ ಆಫ್ ಮಾಡೋ ಆಯ್ಕೆ ಸಿಗುತ್ತೆ. ವಿಂಡೋಸ್ ತಾನಾಗೇ ಹಾಕಿಕೊಂಡ ಡ್ರೈವರ್‌ನಲ್ಲಿ ಅದು ಇರಲ್ಲ. ಅದೂ ಆಗದಿದ್ರೆ ಪ್ಲಗ್ ಕಿತ್ತು, ಸೈಡ್ ಬಾಗಿಲು ತೆಗೆದು, ಮೊದಲು ಕ್ಯಾಬಿನೆಟ್ಟಿನ ಬರೀ ತಗಡು ಮುಟ್ಟಿ, ಆಮೇಲೆ ಮುಂದಿನ ಜಾಕಿಂದ ಬೋರ್ಡಿಗೆ ಬರೋ ಕೇಬಲ್ ಎಳೆದುಬಿಡಿ. ಪಿನ್ ಪಕ್ಕ ಎಫ್-ಆಡಿಯೋ ಅಂತಲೋ ಎಚ್‌ಡಿ ಆಡಿಯೋ ಅಂತಲೋ ಬರೆದಿರುತ್ತೆ. ಯುಎಸ್‌ಬಿ ಪಿನ್ನೂ ಒಂಬತ್ತೇ, ನೋಡೋಕೆ ಅಣ್ಣ ತಮ್ಮ. ಯುಎಸ್‌ಬಿಯಲ್ಲಿ ಮೂಲೆಯ ಪಿನ್ ಇರಲ್ಲ, ಆಡಿಯೋದಲ್ಲಿ ಮೂಲೆ ಬಿಟ್ಟು ಒಳಗಿನದು ಇರಲ್ಲ. ಮುಂದೆ ಯಾವತ್ತಾದ್ರೂ ವಾಪಸ್ ಹಾಕುವಾಗ ಇದನ್ನ ನೆನಪಿಟ್ಟುಕೊಳ್ಳಿ.

ಭದ್ರಾವತಿ, ನಿವೃತ್ತ:
ಶಿವಮೊಗ್ಗದವರು ಹೇಳಿದ್ದು ಸರಿ. ಇದನ್ನು ಓದಿ ಬೇರೆ ಯಾರಾದರೂ ಹಳೇ ಮಿಷನ್ ಬಿಚ್ಚಿದರೆ ಅಂತ ಒಂದು ಮಾತು ಸೇರಿಸ್ತೀನಿ. 2004ರಲ್ಲಿ ಎಚ್‌ಡಿ ಆಡಿಯೋ ಬರೋದಕ್ಕೆ ಮೊದಲು ಎಸಿ 97 ಅಂತ ಹಳೇ ಸೌಂಡ್ ಪದ್ಧತಿ ಇತ್ತು. ಅದರಲ್ಲಿ ಹಿಂದಿನ ಸ್ಪೀಕರಿಗೆ ಹೋಗೋ ಸೌಂಡು ಮುಂದಿನ ಜಾಕ್ ಸುತ್ತಿ ಬರ್ತಿತ್ತು. ಕೇಬಲ್ ಎಳೆದರೆ ಇದ್ದ ಸದ್ದೂ ಹೋಗುತ್ತೆ. 5-6 ಮತ್ತು 9-10ನೇ ಪಿನ್ನಿಗೆ ಜಂಪರ್ (ಎರಡು ಪಿನ್ ಜೋಡಿಸೋ ಪುಟ್ಟ ಟೊಪ್ಪಿ) ಹಾಕಬೇಕು. ನಾನು ಜಂಪರ್ ಕಳೆದುಕೊಂಡು, ಇಡೀ ಮನೆ ಗುಡಿಸಿ ಹುಡುಕಿದವನು. ಇನ್ನು ಬೇರೆಯಾಗಿ ಸಿಕ್ಕಿಸೋ ಪಿಸಿಐ ಕಾರ್ಡ್ ಇದ್ದವರು ಅದನ್ನ ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ ಮತ್ತೆ ಕೂರಿಸಿ. ಅರ್ಧ ಕೇಸು ಅಲ್ಲೇ ಮುಗಿಯುತ್ತೆ.

ಆಗುಂಬೆ ಹತ್ತಿರ:
ನಮ್ಮಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಹುಯ್ಯುತ್ತೆ. ಬಟ್ಟೇನೇ ಒಣಗಲ್ಲ, ಇನ್ನು ಕಂಪ್ಯೂಟರ್! ನಾನು ಮಾಡೋದು ಇಷ್ಟೇ. ಕೆಲಸ ಇರಲಿ ಬಿಡಲಿ, ದಿನಾ ಒಂದು ಗಂಟೆ ಆನ್ ಇಡ್ತೀನಿ. ಅದರ ಕಾವಿಗೇ ಒಳಗೆ ಒಣಗುತ್ತೆ. ಮುಂದಿನ ತೂತುಗಳಿಗೆ ಟೇಪ್ ಅಂಟಿಸಿದೀನಿ, ಇಲ್ಲಾಂದ್ರೆ ಇರುವೆ ಸಂಸಾರ ಹೂಡುತ್ತೆ. ಕೂದಲು ಒಣಗಿಸೋ ಡ್ರೈಯರ್ ಬಿಡೋಕೆ ಹೋಗಬೇಡಿ, ನಮ್ಮ ಭಾವ ಅದರಲ್ಲಿ ಮುಂದಿನ ಪ್ಲಾಸ್ಟಿಕ್ಕನ್ನ ಹಪ್ಪಳ ಮಾಡಿದಾರೆ.

ಸಾಗರ:
ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಬದಲು ಬಳಸೋ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ನೋಡಬಹುದು. ಅಲ್ಲಿ ಸೌಂಡ್ ಬಂದ್ರೆ ತಪ್ಪು ವಿಂಡೋಸಿಂದು. ಹೆಂಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದೆ, 2016ರ ಪ್ರೊಸೆಸರ್‌ಗೆ 11 ಕೊಡಲ್ಲ. ಉಬುಂಟುನಲ್ಲೇ ಉಳಿದುಬಿಡಿ.

ಶಿವಮೊಗ್ಗ:
ಒಳ್ಳೇ ಪರೀಕ್ಷೆ. ಆದ್ರೆ ಇವರ ಕೇಸಲ್ಲಿ ಉಬುಂಟುನೂ ಹೆಡ್‌ಫೋನ್ ಇದೆ ಅಂತಲೇ ತಿಳ್ಕೊಳ್ಳುತ್ತೆ, ಅಲ್ಲೂ ಸದ್ದು ಬರಲ್ಲ. ಆಮೇಲೆ ಚಿಪ್ಪೇ ಹೋಗಿದೆ ಅಂತ ಹೆದರ್ತಾರೆ.

ತೀರ್ಥಹಳ್ಳಿ:
ಪಿನ್ ಹಾಕಿ ತೆಗೆದಾಗ ಎರಡು ನಿಮಿಷ ಸೌಂಡ್ ಬಂದು ಮತ್ತೆ ಹೋಯ್ತು. ಅಷ್ಟರಲ್ಲಿ ಭಾಗವತರ ದನಿ ಕೇಳಿ ಅಪ್ಪ ಊಟ ಬಿಟ್ಟು ಎದ್ದು ಬಂದಿದ್ರು. ಕೇಬಲ್ ಎಳೆದೆ. ಆನ್ ಮಾಡಿದ ತಕ್ಷಣ ಹಿಂದಿನ ಸ್ಪೀಕರಿಂದ ಚೆಂಡೆ! ಮುಂದಿನ ಮೈಕ್ ಕೂಡ ಅದೇ ಕೇಬಲ್ ಅಂತೆ, ಮಗಳ ಮೈಕನ್ನ ಹಿಂದಿನ ಗುಲಾಬಿ ತೂತಿಗೆ ಹಾಕಿಕೊಟ್ಟೆ. ಮುಂದಿನ ಜಾಕಿನ ಚೂರು ಮಾತ್ರ ಸಿಗುತ್ತಾ?

ಶಿವಮೊಗ್ಗ:
ಸಿಗುತ್ತೆ. ಮಳೆ ಬಿಡಲಿ, ದೀಪಾವಳಿ ಕಳೆದು ಪೇಟೆಗೆ ಬಂದಾಗ ಹಳೇದನ್ನ ಬಿಚ್ಚಿ ಜೊತೇಲಿ ತನ್ನಿ. ಈಗ ಹಾಕಿದ್ರೆ ಅದಕ್ಕೂ ಕಿಲುಬೇ.

ತೀರ್ಥಹಳ್ಳಿ:
ಆಯ್ತು ಸರ್. ಕೇಬಲ್ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಒಳಗೇ ಕಟ್ಟಿಟ್ಟಿದೀನಿ. ಸೈಡ್ ಬಾಗಿಲು ಇನ್ನೂ ಹಾಕಿಲ್ಲ, ಒಂದು ಸ್ಕ್ರೂ ಮಂಚದ ಅಡಿ ಹೋಗಿದೆ, ಅಪ್ಪ ಅಲ್ಲಿಂದ ಏಳ್ತಿಲ್ಲ.