ಒಂದು ಇಂಚು ಐವತ್ತಾರು ಸೆಂಟು

ಐದನೆಯ ತರಗತಿಯ ಮಗಳಿಗೆ ಶಾಲೆಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಹವ್ಯಾಸ ಬರೆಯಬೇಕು. ಎಲ್ಲರೂ ಸೇರಿ ಹೋಗಿಬಂದ ಒಂದು ಪ್ರವಾಸದ ಬಗ್ಗೆ ಹತ್ತು ವಾಕ್ಯ ಬರೆಯಬೇಕು. ಕೆಳಗೆ ಪೋಷಕರ ಸಹಿ. ಅಜ್ಜಿಯ ಮುಂದೆ ‘ಉಪ್ಪಿನಕಾಯಿ ಹಾಕುವುದು, ಹಾಕಿದ್ದನ್ನು ಯಾರಿಗೂ ಕೊಡದಿರುವುದು’ ಎಂದು ಬರೆದಾಗಿತ್ತು. ಅಮ್ಮನ ಮುಂದೆ ‘ಆಂಥೂರಿಯಂ’. ಅಪ್ಪನ ಮುಂದೆ ಖಾಲಿ.

ಕಾಫಿ ಕುಡಿಯುವುದು ಎಂದೆ. ಅದು ಹವ್ಯಾಸವಲ್ಲ, ಚಟ ಎಂದು ಅಡುಗೆಮನೆಯಿಂದ ತೀರ್ಪು ಬಂತು. ಪತ್ರಿಕೆ ಓದುವುದು ಎಂದೆ. ಓದುವುದಿಲ್ಲ, ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡುತ್ತೀರಿ ಎಂದು ಇನ್ನೊಂದು ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲದ ನ್ಯಾಯಾಲಯವದು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಕೊಡಗಿನ ನಾಪೋಕ್ಲು ಪೇಟೆಯ ಭಾವನ ಗೊಬ್ಬರದ ಅಂಗಡಿಗೆ ಹೊರಟೆ.

ಆ ಅಂಗಡಿಯಲ್ಲಿ ಸಂಜೆ ಐದರ ಮೇಲೆ ಗೊಬ್ಬರ ಮಾರಾಟವಾಗುವುದಿಲ್ಲ, ಏಕೆಂದರೆ ಮೂಟೆಗಳ ಮೇಲೆ ನಾವು ಕುಳಿತಿರುತ್ತೇವೆ. ಮೇಷ್ಟರದು ಪೊಟ್ಯಾಷ್ ಮೂಟೆ. ಸೈನ್ಯದಿಂದ ನಿವೃತ್ತರಾದ ಸುಬೇದಾರರದು ಬಾಗಿಲ ಪಕ್ಕದ ಸುಣ್ಣದ ಮೂಟೆ. ಹೋಗಿ ಬರುವವರ ಮೇಲೆ ಅಲ್ಲಿಂದ ಕಣ್ಣಿಡಬಹುದು. ಯೂರಿಯಾ ನನ್ನದು. ಯೂರಿಯಾ ಗಂಟುಕಟ್ಟಿದ್ದಕ್ಕೆಲ್ಲ ನಾನೇ ಕಾರಣ ಎಂದು ಭಾವ ಗಿರಾಕಿಗಳಿಗೆ ಹೇಳುತ್ತಾನೆಂದು ಕೇಳಿದ್ದೇನೆ. ಜೀಪಿನವನು ಮಾತ್ರ ಕೂರುವುದಿಲ್ಲ. ಇಡೀ ದಿನ ಕುಳಿತೇ ಇರುವವನು ಅವನು, ನಿಂತರೆ ಅವನಿಗೆ ರಜೆ.

ಹಾಳೆಯನ್ನು ಓದಿದ ಮೇಷ್ಟರು ಮೊದಲು ಅದರಲ್ಲಿದ್ದ ಎರಡು ಅಕ್ಷರದೋಷ ತಿದ್ದಿದರು. ಹಾಗಾಗಿ ಅವರ ಹವ್ಯಾಸ ಯಾವುದೆಂದು ಚರ್ಚೆಯಾಗಲಿಲ್ಲ. ಅವರು ಮದುವೆಯ ಕರೆಯೋಲೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದವರು.

“ನನ್ನದು ಹಾಕಿ” ಎಂದರು ಸುಬೇದಾರರು. ಅದನ್ನೂ ಕೇಳಬೇಕಾಗಿರಲಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಬಂದ ತಂಡಗಳು 60; ನಮ್ಮ ನಾಪೋಕ್ಲಿನಲ್ಲೇ 2024ರಲ್ಲಿ ನಡೆದಾಗ 360. ಒಂದೇ ತಂಡದಲ್ಲಿ ತಾತನೂ ಮೊಮ್ಮಗಳೂ ಆಡುವ ಆಟ. ಸುಬೇದಾರರು ಪ್ರತಿವರ್ಷವೂ ತಮ್ಮ ಕುಟುಂಬದ ಪರವಾಗಿ ಸುಮಾರು ನಾಲ್ಕು ನಿಮಿಷ ಆಡುತ್ತಾರೆ. ಆ ನಾಲ್ಕು ನಿಮಿಷದ ವಿವರಣೆ ನಮಗೆ ಮುಂದಿನ ಏಪ್ರಿಲ್‌ವರೆಗೆ ಸಾಕಾಗುತ್ತದೆ. ಚೆಂಡು ತಮ್ಮ ಬಳಿ ಬಂದಿದ್ದರೆ ಏನಾಗುತ್ತಿತ್ತು ಎಂಬುದು ಅದರಲ್ಲಿ ದೊಡ್ಡ ಅಧ್ಯಾಯ.

“ನಿನ್ನದು?” ಎಂದು ಜೀಪಿನವನನ್ನು ಕೇಳಿದೆವು.

“ಸುಮ್ಮನಿರುವುದು” ಎಂದ. ಅವನ ಮೇಲೆ ಯಾರಿಗಾದರೂ ಕನಿಕರ ಹುಟ್ಟಬೇಕು. ದಿನವೂ ಪ್ರವಾಸಿಗರನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತಾನೆ. ಮಂಜು ಎಷ್ಟು ಗಂಟೆಗೆ ಬರುತ್ತದೆ ಎಂದು ಅವರು ಕೇಳುತ್ತಾರೆ. ಬಸ್ಸಿನ ವೇಳೆ ಹೇಳಿದಂತೆ ಇವನು ಆರೂಕಾಲಕ್ಕೆ ಎನ್ನುತ್ತಾನೆ. ರೈಲು ನಿಲ್ದಾಣ ಎಲ್ಲಿದೆ ಎನ್ನುತ್ತಾರೆ. ಈ ಜಿಲ್ಲೆಗೆ ರೈಲೇ ಇಲ್ಲ ಎಂದರೆ ಇವನೇ ಬಚ್ಚಿಟ್ಟಿರುವಂತೆ ನೋಡುತ್ತಾರೆ. ಮಳೆಗಾಲದಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದರೆ ಆ ಕಾಲನ್ನು ಇವನ ಮಡಿಲಿಗೇ ಇಡುತ್ತಾರೆ. ಉಪ್ಪು, ಹೊಗೆಸೊಪ್ಪಿನ ಪುಡಿ ಎರಡನ್ನೂ ಸದಾ ಜೀಪಿನಲ್ಲಿಟ್ಟಿರುತ್ತಾನೆ. ಅರ್ಧ ಚಾಲಕ, ಅರ್ಧ ನಾಟಿವೈದ್ಯ.

ಭಾವ ತನ್ನ ಹವ್ಯಾಸ ಬರೆಯುವುದು ಎಂದ. ಕವನವೇ ಎಂದು ಮೇಷ್ಟರು ಆಸೆಯಿಂದ ಕೇಳಿದರು. ಸಾಲದ ಪುಸ್ತಕ ಎಂದು ಅವನು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದ. ನಾವು ರಸ್ತೆಯನ್ನು ನೋಡಿದೆವು.

“ಭಾವ, ನಿಮ್ಮದು ಊರಿಗೇ ಗೊತ್ತಲ್ಲ” ಎಂದ ಕಡೆಗೆ. “ಮಳೆ ಅಳೆಯುವುದು.”

ಇದನ್ನು ನಾನು ಪ್ರತಿಭಟಿಸಿದೆ. ಹವ್ಯಾಸವೆಂದರೆ ಮನಸ್ಸಿಗೆ ಸಂತೋಷ ಕೊಡಬೇಕು. ಮಳೆ ಅಳೆಯುವುದು ಕರ್ತವ್ಯ. ಹೊರಗಿನವರಿಗೆ ಇದು ಅರ್ಥವಾಗದು. ಬೇರೆ ಊರಿನಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳಿದರೆ ನಮ್ಮಲ್ಲಿ “ನಿಮಗೆ ಎಷ್ಟು ಸೆಂಟು?” ಎನ್ನುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ತೋಟದವರು ಇಂಚು ಬಿಟ್ಟಿಲ್ಲ; ನೂರು ಸೆಂಟಿಗೆ ಒಂದು ಇಂಚು. ಜುಲೈಯಲ್ಲಿ ಒಂದೇ ದಿನ ನಾಲ್ಕು ಇಂಚು ಸುರಿದರೂ ಯಾರೂ ತಲೆ ಎತ್ತುವುದಿಲ್ಲ; ಭಾಗಮಂಡಲದ ಕಡೆ ಜೋರು ಮಳೆಗಾಲದಲ್ಲಿ ಇನ್ನೂರು ಇಂಚು ದಾಟುವುದುಂಟು. ಆದರೆ ಫೆಬ್ರವರಿ-ಮಾರ್ಚ್‌ನ ಹೂಮಳೆ ಬೇರೆಯೇ ಮಾತು. ಆಗ ರೊಬಸ್ಟಾ ಕಾಫಿಗೆ ಒಂದು ಇಂಚು ಸರಿಯಾಗಿ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗಿ ಮಲ್ಲಿಗೆಯಂತೆ ಘಮಘಮಿಸುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಕೈಕೊಡುತ್ತದೆ, ಆಮೇಲೆ ಬ್ಯಾಂಕಿನವರು ಫೋನ್ ಮಾಡುತ್ತಾರೆ. ಅದೂ ಪಕ್ಷಪಾತದ ಮಳೆ. ರಸ್ತೆಯ ಆ ಕಡೆ ಸುರಿದು ಈ ಕಡೆ ಧೂಳೆಬ್ಬಿಸಿ ಹೋಗುತ್ತದೆ. ಬೇಲಿಯಾಚೆಯ ಸುಬೇದಾರರಿಗಿಂತ ನನಗೆ ಹತ್ತು ಸೆಂಟು ಹೆಚ್ಚು ಬಿದ್ದರೆ ಅದರಲ್ಲಿ ನನ್ನ ಯೋಗ್ಯತೆಯ ಪಾಲೂ ಇದೆಯೆಂದೇ ನನ್ನ ನಂಬಿಕೆಯಾಗಿತ್ತು. ಆರು ವರ್ಷದಿಂದ ನನಗೇ ಹೆಚ್ಚು ಬೀಳುತ್ತಿತ್ತು.

“ಇರಲಿ, ಪ್ರವಾಸ ಎಲ್ಲಿಗೆ ಹೋಗಿದ್ದಿರಿ?” ಎಂದರು ಮೇಷ್ಟರು.

ನನ್ನ ಹೆಂಡತಿಯ ಬಳಿ ಇದಕ್ಕೊಂದು ಲೆಕ್ಕವಿದೆ. ಮದುವೆಯಾದ ಮೇಲೆ ರಾಜಾಸೀಟಿಗೆ ಹದಿನಾಲ್ಕು ಸಲ, ಅಬ್ಬಿ ಜಲಪಾತಕ್ಕೆ ಒಂಬತ್ತು ಸಲ, ದುಬಾರೆಗೆ ಆರು ಸಲ. ಎಲ್ಲವೂ ನೆಂಟರ ಜೊತೆ. ಬೆಂಗಳೂರಿನ ಚಿಕ್ಕಪ್ಪನ ಮಕ್ಕಳು ಬಂದರೆಂದು, ದಾವಣಗೆರೆಯ ನಾದಿನಿ ಬಂದಳೆಂದು. ಫೋಟೊಗಳಲ್ಲಿ ನಾವಿಲ್ಲ, ಫೋಟೊ ತೆಗೆದವರು ನಾವು. ದುಬಾರೆಯ ಆನೆಗಳೂ ನಮ್ಮನ್ನು ಸಿಬ್ಬಂದಿಯೆಂದು ತಿಳಿದಿರಬಹುದು ಎಂಬುದು ಅವಳ ವಾದ. ಮನೆಯ ಅಂಗಳದಿಂದ ದಿನಬೆಳಗಾದರೆ ಕಾಣುವ ತಡಿಯಂಡಮೋಳ್‌ಗೆ ಮಾತ್ರ ಒಂದು ಸಲವೂ ಹೋಗಿಲ್ಲ. 1748 ಮೀಟರ್, ಜಿಲ್ಲೆಗೇ ಎತ್ತರದ ಬೆಟ್ಟ. ಚೆನ್ನೈಯಿಂದ ಬಂದವರು ಹತ್ತಿ ಇಳಿದು ಹೋಗುತ್ತಾರೆ. ನಾವು ಅದರ ನೆತ್ತಿಯ ಮೇಲೆ ಮೋಡವಿದೆಯೇ ಎಂದು ನೋಡಿ ಬಟ್ಟೆ ಒಣಗಿಸುತ್ತೇವೆ.

“ನಾವೆಲ್ಲ ಯಾಕೆ ಹೋಗಬಾರದು?” ಎಂದುಬಿಟ್ಟರು ಸುಬೇದಾರರು. ಮಾರ್ಚ್ ತಿಂಗಳ ಮೊದಲ ಭಾನುವಾರ, ಐದು ಮನೆ, ಎರಡು ಜೀಪು. ಜೀಪಿನವನ ಮುಖದಲ್ಲಿ ರಜೆಯೊಂದು ಸತ್ತಿದ್ದನ್ನು ಕಣ್ಣಾರೆ ಕಂಡೆ.

ಬೆಟ್ಟ ಹತ್ತುವುದರ ಬಗ್ಗೆ ಎರಡು ನಿಮಿಷ ಮಾತಾಯಿತು, ಬುತ್ತಿಯ ಬಗ್ಗೆ ನಾಲ್ಕು ಸಂಜೆ. ಕಾಚಂಪುಳಿಯ ಕಪ್ಪು ಹುಳಿ ಹಾಕಿದ ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಇಲ್ಲದೆ ತಾವು ಸಮುದ್ರಮಟ್ಟದಿಂದ ಮೇಲೇಳುವುದಿಲ್ಲವೆಂದರು ಸುಬೇದಾರರು. ಪಂದಿಕರಿ ಬಂದ ಮೇಲೆ ಅಕ್ಕಿಯ ಉಂಡೆ ಕಡಂಬುಟ್ಟು ಬರಬೇಕು, ಅದರ ಹಬೆ ಆರಬಾರದು. ಮೇಷ್ಟರು ಸಸ್ಯಾಹಾರಿ, ಅವರಿಗೆ ಚಿತ್ರಾನ್ನ, ಅದನ್ನು ಬೇರೆ ಜೀಪಿನಲ್ಲೇ ಇಡಬೇಕು. ನನ್ನ ಅಮ್ಮ, ಎಂದೂ ಯಾರಿಗೂ ಕೊಡದ ಅಮ್ಮ, ಒಂದು ಜಾಡಿ ಕಣಿಲೆ ಉಪ್ಪಿನಕಾಯಿ ಹೊರತೆಗೆದಾಗ ಇದು ಸಾಧಾರಣ ಪ್ರವಾಸವಲ್ಲ ಎಂದು ಮನೆಯವರೆಲ್ಲ ಗಂಭೀರರಾದೆವು. ನನ್ನ ಹೆಂಡತಿಯದು ಒಂದೇ ಷರತ್ತು: ದಾರಿಯಲ್ಲಿ ಯಾರೂ ಮಳೆಯ ಮಾತೆತ್ತಬಾರದು.

ಕಕ್ಕಬ್ಬೆ ದಾಟಿ ನಾಲ್ಕುನಾಡು ಅರಮನೆಯ ಮುಂದೆ ಇಳಿದಾಗ ಹತ್ತು ಗಂಟೆ. ಕಟ್ಟಿಸಿದವನು ದೊಡ್ಡವೀರರಾಜೇಂದ್ರ, 1792ರಲ್ಲಿ. ಟಿಪ್ಪುವಿನ ಕಾಲದ ಗಡಿಬಿಡಿಯಲ್ಲಿ ಅರಸನಿಗೆ ಕಾಡಿನ ನಡುವೆ ಒಂದು ಭದ್ರ ನೆಲೆ ಬೇಕಿತ್ತು. ಇಷ್ಟನ್ನು ನಾನು ಹೇಳಿದೆ. ಮೇಷ್ಟರು ಮುಕ್ಕಾಲು ಗಂಟೆ ತೆಗೆದುಕೊಂಡು ಹೇಳಿದರು; ಮಕ್ಕಳು ಒಬ್ಬೊಬ್ಬರಾಗಿ ಮರದ ಕಂಬಗಳ ಹಿಂದೆ ಮಾಯವಾದರು. ಅರಸನಿಗಿಂತ ಚೆನ್ನಾಗಿ ಅವರೇ ಆ ಜಾಗವನ್ನು ಬಳಸಿಕೊಂಡರು.

ಇನ್ನು ಹತ್ತೋಣ ಎಂದು ಬೂಟಿನ ದಾರ ಬಿಗಿದೆವು. ಎದುರಿಗೊಬ್ಬ ಕಾವಲುಗಾರ ಬಂದು, ಬೇಸಿಗೆ, ಕಾಡ್ಗಿಚ್ಚಿನ ಭಯ, ಈಗ ಬೆಟ್ಟ ಹತ್ತುವುದನ್ನು ನಿಲ್ಲಿಸಿದ್ದಾರೆ ಎಂದ.

ಹದಿನೇಳು ಜನ ಒಟ್ಟಿಗೆ ಜೀಪಿನವನ ಕಡೆ ತಿರುಗಿದೆವು.

“ನಿನಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು.”

“ಹೇಳಬಾರದಿತ್ತೇ?”

“ತಡಿಯಂಡಮೋಳ್‌ಗೆ ಹೋಗೋಣ ಎಂದಿರಿ, ಕರೆದುಕೊಂಡು ಬಂದೆ. ತುದಿಗೆ ಎಂದು ಯಾರೂ ಹೇಳಲಿಲ್ಲ” ಎಂದವನು, ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಬಿಟ್ಟ. ನಾಲ್ಕು ಸಂಜೆ ನಾವು ಬುತ್ತಿಯ ಬಗ್ಗೆ ಕಿತ್ತಾಡುತ್ತಿದ್ದಾಗ ಅವನೊಬ್ಬನೇ ನೆಮ್ಮದಿಯಾಗಿ ಇದ್ದುದು ಏಕೆಂದು ಆಗ ತಿಳಿಯಿತು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಯಾರಿಗೂ ದುಃಖವಾಗಲಿಲ್ಲ. ಕೆಳಗಿನ ದಾರಿಬದಿಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹನ್ನೊಂದೂವರೆಗೆ ಕಡಂಬುಟ್ಟು ಮುಗಿದಿತ್ತು, ಹನ್ನೆರಡಕ್ಕೆ ಚಿತ್ರಾನ್ನ. ಮಕ್ಕಳಿಗೆ ಸುಬೇದಾರರು ಒಣಕೊಂಬೆಗಳಲ್ಲಿ ಹಾಕಿ ಕಲಿಸಿದರು. ನನ್ನ ಅಮ್ಮ ಗೋಲು ಹೊಡೆದರು, ಅದೂ ಕುಳಿತಲ್ಲಿಂದಲೇ. ಭಾವ ಮಾತ್ರ ಬೆವರು ಒರೆಸಿಕೊಳ್ಳುತ್ತ, ಗೊಬ್ಬರ ಕೇಳುವವರು ಒಬ್ಬರೂ ಇಲ್ಲದ ಜಾಗ ಎಷ್ಟು ಚೆನ್ನ ಎಂದು ಎರಡು ಸಲ ಹೇಳಿದ.

ಎರಡು ಗಂಟೆಗೆ ನಾಪೋಕ್ಲಿನ ದಿಕ್ಕಿನಲ್ಲಿ ಗುಡುಗಿತು.

ಯಾರೂ ಮಾತನಾಡಲಿಲ್ಲ, ಷರತ್ತು ಇತ್ತಲ್ಲ. ಸುಬೇದಾರರು ಎದ್ದು ನಿಂತರು. ನಾನೂ ಎದ್ದೆ. ಮೇಷ್ಟರಿಗೆ ಇರುವುದು ಹಿತ್ತಲು ಮಾತ್ರ, ಅವರೂ ಎದ್ದರು. ಮೂವರೂ ಕೈಯನ್ನು ಹಣೆಗೆ ಅಡ್ಡ ಹಿಡಿದು ಒಂದೇ ಕಡೆ ನೋಡಿದೆವು. ಕಕ್ಕಬ್ಬೆಯಲ್ಲಿ ಹನಿಯಿಲ್ಲ, ಆ ಕಡೆ ಆಕಾಶ ಕಾಡಿಗೆಯಂತೆ ಕಪ್ಪು. “ನಿಮ್ಮ ಕಡೆಗೋ, ನಮ್ಮ ಕಡೆಗೋ?” ಎಂದು ಸುಬೇದಾರರು ಪಿಸುಗುಟ್ಟಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾತ್ರೆ ತುಂಬಿ, ಜೀಪಿನವನನ್ನು ಎಬ್ಬಿಸಿದರು. ಅಷ್ಟು ಬೇಗ ಯಾವ ಪ್ರವಾಸವೂ ಮುಗಿದದ್ದಿಲ್ಲ.

ಹೊಳೆಯ ಸೇತುವೆ ದಾಟಿದ ಮೇಲೆ ರಸ್ತೆ ಒದ್ದೆ. ಮಣ್ಣಿನ ವಾಸನೆ ಬಂತು. ಜೀಪು ಪೂರ್ತಿ ನಿಲ್ಲುವ ಮೊದಲೇ ನಾನು ಇಳಿದೆ. ಅಂಗಳದ ಮಳೆಮಾಪಕದಿಂದ ಬಾಟಲಿ ತೆಗೆದು ಅಳತೆಯ ಗಾಜಿಗೆ ಸುರಿದೆ. ಅದು ತುಂಬಿತು, ಇನ್ನೊಮ್ಮೆ ಸುರಿದೆ. ಒಂದು ಇಂಚು ಐವತ್ತಾರು ಸೆಂಟು. ಸುಬೇದಾರರಿಗೆ ಫೋನ್ ಮಾಡಿದರೆ ತೊಂಬತ್ತೆಂಟು. ಅಯ್ಯೋ ಪಾಪ ಎಂದೆ. ಆ ‘ಪಾಪ’ದಲ್ಲಿದ್ದ ಸಂತೋಷ ಅವರಿಗೂ ಕೇಳಿಸಿರಬೇಕು.

“ಮೋಡ ಒಂದೇ ಅಲ್ಲವೇ ಅಪ್ಪಾ?” ಎಂದಳು ಮಗಳು. ಅರಮನೆಯ ಕಂಬದ ಹಿಂದಿನಿಂದ ಅವಳನ್ನು ಹಿಡಿದು ತಂದು ಮೇಷ್ಟರು ಮಳೆಮಾಪಕದ ಪಾಠ ಹೇಳಿದ್ದರಂತೆ: ಮೇಲಿನ ಆಲಿಕೆಯ ಬಾಯಿ ಎಷ್ಟಿದೆಯೋ ಅದಕ್ಕೆಂದೇ ಗೀಟು ಹಾಕಿದ ಗಾಜು ಇರಬೇಕು, ಒಂದರ ಗಾಜು ಇನ್ನೊಂದಕ್ಕೆ ಆಗದು. ಅವಳು ಕಂಪಾಸು ಪೆಟ್ಟಿಗೆಯ ಸ್ಕೇಲು ತಂದು ಆಲಿಕೆಯ ಮೇಲಿಟ್ಟಳು. ಐದು ಇಂಚು. ಗಾಜಿನ ಬುಡವನ್ನು ಬೆಳಕಿಗೆ ಹಿಡಿದಳು. ಸಣ್ಣದಾಗಿ ನಾಲ್ಕು ಎಂಬ ಅಂಕಿ.

ಆರು ವರ್ಷದ ಹಿಂದೆ ಬೆಕ್ಕು ಗಾಜು ಒಡೆದಾಗ ಹೊಸದನ್ನು ಕೊಟ್ಟವನು ಭಾವ. ಗಾಜು ಗಾಜೇ ಅಲ್ಲವೇ ಎಂದಿದ್ದ.

ರಾತ್ರಿ ಊಟಕ್ಕೆ ಮೊದಲೇ ಲೆಕ್ಕ ಸಿದ್ಧವಾಗಿತ್ತು. ಐದೈದಲ ಇಪ್ಪತ್ತೈದು, ನಾಲ್ಕು ನಾಲ್ಕಲ ಹದಿನಾರು, ಅದನ್ನು ಇದರಿಂದ ಭಾಗಿಸಿದರೆ ಒಂದು ಬಿಂದು ಐದು ಆರು. ಬಿದ್ದದ್ದು ಬರೀ ಒಂದು ಇಂಚು. ನನ್ನ ನೋಟು ಪುಸ್ತಕದಲ್ಲಿ ಆರು ವರ್ಷ, ಮೂರು ಬಣ್ಣದ ಶಾಯಿ, ಪ್ರತಿ ತಿಂಗಳ ಮೊತ್ತದ ಕೆಳಗೆ ಎರಡೆರಡು ಗೆರೆ. “ಅಷ್ಟು ಮಳೆ ಬಿದ್ದರೂ ಕಾಫಿ ಮಾತ್ರ ಸುಬೇದಾರರಷ್ಟೇ ಯಾಕೆ ಬರುತ್ತದೆ ಎಂದು ನಾನು ಕೇಳುತ್ತಿದ್ದೆನಲ್ಲ” ಎಂದಳು ಹೆಂಡತಿ, ಬಹಳ ಮೃದುವಾಗಿ. ಅವಳು ಮೃದುವಾಗಿ ಮಾತನಾಡಿದರೆ ನನಗೆ ಊಟ ಇಳಿಯುವುದಿಲ್ಲ.

ಮಲಗುವ ಮುಂಚೆ ಹಾಳೆ ಸಹಿಗೆ ಬಂತು. ಪ್ರವಾಸದ ಹತ್ತು ವಾಕ್ಯಗಳಲ್ಲಿ ಏಳು ಊಟದ ಬಗ್ಗೆ, ಎರಡು ಅಜ್ಜಿಯ ಗೋಲಿನ ಬಗ್ಗೆ. ಹತ್ತನೆಯದು, ‘ಬೆಟ್ಟ ದೂರದಿಂದ ಚೆನ್ನಾಗಿತ್ತು.’ ಅಪ್ಪನ ಮುಂದೆ, ‘ಮಳೆ ಅಳೆಯುವುದು (ಗಾಜು ಬದಲಾಯಿಸಬೇಕು).’ ಆವರಣವನ್ನು ಅಳಿಸಲು ರಬ್ಬರು ಕೇಳಿದೆ. ಶಾಯಿಯಲ್ಲಿ ಬರೆದಿದ್ದೇನೆ ಎಂದಳು. ಸಹಿ ಹಾಕಿದೆ.

ಮರುದಿನ ಸಂಜೆ ಅಂಗಡಿಯಲ್ಲಿ ಮೂಟೆಗಳೆಲ್ಲ ಭರ್ತಿ. ಊರಿನ ಅರ್ಧ ಜನ ಅಲ್ಲೇ ಇದ್ದರು, ಹೂಮಳೆಯ ಮರುದಿನ ಹಾಗೆಯೇ. ಎಲ್ಲರೂ ತಮ್ಮ ತಮ್ಮ ಅಂಕಿ ಹೇಳುತ್ತ ಬಂದರು: ಎಂಬತ್ತೈದು, ಒಂದು ಇಂಚು ಐದು, ತೊಂಬತ್ತು. ನನ್ನ ಸರದಿ ಬಂತು. ಫೋನಿನಲ್ಲಿ ಕೇಳಿಸಿಕೊಂಡದ್ದು ಸರಿಯೇ ಎಂಬಂತೆ ಸುಬೇದಾರರು ಕಿವಿಗೆ ಕೈ ಆನಿಸಿದರು. ಮೇಷ್ಟರು, ಲೆಕ್ಕ ಗೊತ್ತಿದ್ದ ಮೇಷ್ಟರು, ಕೆಂಪು ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದರು. ಭಾವ ಸಾಲದ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದ.

“ಒಂದು ಇಂಚು ಇಪ್ಪತ್ತೈದು” ಎಂದೆ.