ಎಚ್‌ಟಿಟಿಪಿಎಸ್ ಲಿಂಕ್ ಹಾಕಿದರೆ ಬರೀ ಅಕ್ಷರವಾಗಿ ಉಳಿಯುತ್ತದೆ, ಎಲ್ಲಿ ತಿದ್ದಬೇಕು?

ಅಘನಾಶಿನಿ_ದಂಡೆ:
ಶಿರಸಿ, ಸಿದ್ದಾಪುರ ಭಾಗದ ಅಡಿಕೆ ಬೆಳೆಗಾರರಿಗೆ ಪ್ರಕಟಣೆ ಹಾಕುವ ಜಾಲತಾಣ ಒಂದಿದೆ. ತಂತ್ರಾಂಶ ಪಿಎಚ್‌ಪಿಯದ್ದು, ಹಳೆಯದು. ಲಿಂಕ್ ಕೊಡಲಿಕ್ಕೆ ಚೌಕಾವರಣದ ಯುಆರ್‌ಎಲ್ ಟ್ಯಾಗ್ ಇದೆ. ವಿಳಾಸ ಹಾಗೇ ಅಂಟಿಸಿದರೂ ತಾನಾಗಿ ಲಿಂಕ್ ಆಗಬೇಕು. ಎಚ್‌ಟಿಟಿಪಿ ವಿಳಾಸಕ್ಕೆ ಎರಡೂ ಸರಿ ಇವೆ. ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ವಿಳಾಸ ಅಂಟಿಸಿದರೆ ಬರೀ ಅಕ್ಷರ. ಟ್ಯಾಗ್ ಒಳಗೆ ಹಾಕಿದರೆ ನೀಲಿ ಬಣ್ಣವೇನೋ ಬರುತ್ತದೆ, ಒತ್ತಿದರೆ ‘ಎಚ್‌ಟಿಟಿಪಿಎಸ್’ ಅನ್ನೋ ಹೆಸರಿನ ಸರ್ವರ್ ಸಿಗಲಿಲ್ಲ ಅನ್ನುತ್ತದೆ. ಕನ್ನಡ ವಿಕಿಪೀಡಿಯದ ‘ಶಿರಸಿ’ ಪುಟದ ವಿಳಾಸವನ್ನು ಎಚ್‌ಟಿಟಿಪಿಯಲ್ಲೇ ಕೊಟ್ಟರೂ ಕನ್ನಡ ಅಕ್ಷರ ಶುರುವಾಗುವಲ್ಲಿ ತುಂಡಾಗುತ್ತದೆ. ಇನ್ನೊಂದು, ಹಳೇ ಪ್ರಕಟಣೆಗಳಲ್ಲಿರುವ ಎಚ್‌ಟಿಟಿಪಿಯನ್ನೆಲ್ಲ ಒಂದೇ ಸಲಕ್ಕೆ ಎಚ್‌ಟಿಟಿಪಿಎಸ್ ಮಾಡಿಬಿಡಬಹುದಾ?

ಕಾಳಿ_ಸೇತುವೆ, ಕಾರವಾರ:
ಟ್ಯಾಗಿನ ತಪ್ಪು ಸುಲಭದ್ದು. ‘ವಿಳಾಸ ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆಯಿಂದ ಶುರುವಾಗದಿದ್ದರೆ ಅದನ್ನು ಮುಂದೆ ಸೇರಿಸು’ ಅಂತ ಒಂದು ಸಾಲು ಇರುತ್ತದೆ. ನಿಮ್ಮ ವಿಳಾಸದಲ್ಲಿ ಕೋಲನ್‌ಗಿಂತ ಮೊದಲು ‘ಎಸ್’ ಇದೆಯಲ್ಲ, ಹಾಗಾಗಿ ಹೋಲಿಕೆ ಕೂಡುವುದಿಲ್ಲ. ಮುಂದೆ ಇನ್ನೊಂದು ಎಚ್‌ಟಿಟಿಪಿ ಬಂದು ಕೂರುತ್ತದೆ. ಆಗ ಬ್ರೌಸರ್ ನಿಮ್ಮ ‘ಎಚ್‌ಟಿಟಿಪಿಎಸ್’ ಪದವನ್ನೇ ಸರ್ವರಿನ ಹೆಸರು ಅಂದುಕೊಂಡು ಹುಡುಕುತ್ತದೆ. ಪುಟದ ಸೋರ್ಸ್ ತೆರೆದು ನೋಡಿ, ಎರಡೂ ಒಂದರ ಹಿಂದೊಂದು ಕಾಣುತ್ತವೆ.

ರೆಗೆಕ್ಸ್‌ನಲ್ಲಿ (ಅಕ್ಷರಗಳ ಜೋಡಣೆ ಹೋಲಿಸಿ ನೋಡುವ ನಿಯಮ) ‘ಎಸ್’ ಸೇರಿಸಿ ಅದರ ಬೆನ್ನಿಗೇ ಪ್ರಶ್ನಾರ್ಥಕ ಚಿಹ್ನೆ ಹಾಕಿ. ‘ಎಸ್’ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದರ್ಥ. ಟ್ಯಾಗ್ ಒಂದು ಕಡೆ, ತಾನಾಗಿ ಲಿಂಕ್ ಮಾಡುವ ಭಾಗ ಇನ್ನೊಂದು ಕಡೆ, ಎರಡರಲ್ಲೂ ತಿದ್ದಬೇಕು. ಕೊನೆಗೆ ದೊಡ್ಡ, ಸಣ್ಣ ಅಕ್ಷರ ಎರಡೂ ಒಂದೇ ಅನ್ನುವ ‘ಐ’ ಗುರುತು ಮರೀಬೇಡಿ: ಮೊಬೈಲ್ ಕೀಲಿಮಣೆ ಮೊದಲ ಅಕ್ಷರವನ್ನು ದೊಡ್ಡದು ಮಾಡಿಬಿಡುತ್ತದೆ, ಆಗ ಮತ್ತೆ ಹೋಲಿಕೆ ತಪ್ಪುತ್ತದೆ.

ಇದನ್ನು ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ. ‘ಕೋಲನ್ ಮುಂಚೆ ಏನಾದರೂ ಇರಲಿ’ ಅಂತ ನಿಯಮ ಸಡಿಲ ಮಾಡಬೇಡಿ. ಜಾವಾಸ್ಕ್ರಿಪ್ಟ್ ಅಂತ ಶುರುವಾಗುವ ವಿಳಾಸವೂ ಒಳಗೆ ಬರುತ್ತದೆ, ಒತ್ತಿದವರ ಲಾಗಿನ್ ಕದಿಯಬಹುದು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮೇಲ್‌ಟು (ಇಮೇಲ್ ಲಿಂಕ್), ಈ ಮೂರಕ್ಕೆ ಮಾತ್ರ ಒಪ್ಪಿಗೆ ಕೊಡಿ. ಪರೀಕ್ಷಿಸುವ ಮುಂಚೆ ವಿಳಾಸದೊಳಗಿನ ಟ್ಯಾಬ್, ಹೊಸಸಾಲು ತೆಗೆಯಿರಿ. ಬ್ರೌಸರ್ ಅವನ್ನು ತಾನೇ ನುಂಗಿಬಿಡುವುದರಿಂದ ನಡುವೆ ಟ್ಯಾಬ್ ತೂರಿಸಿದ ‘ಜಾವಾಸ್ಕ್ರಿಪ್ಟ್’ ಕೂಡ ಓಡುತ್ತದೆ. ಉದ್ಧರಣ ಚಿಹ್ನೆಗಳನ್ನು ಎಸ್ಕೇಪ್ ಮಾಡಿದ (ಕೋಡ್ ಆಗದೆ ಬರೀ ಅಕ್ಷರವಾಗಿ ಉಳಿಯುವಂತೆ ಬದಲಿಸಿದ) ಮೇಲೇ ಲಿಂಕ್‌ಗೆ ಹಾಕಿ.

ಘಟ್ಟದಂಚು:
ಕನ್ನಡ ವಿಳಾಸ ತುಂಡಾಗುವುದು ಬೇರೆ ಕಾರಣಕ್ಕೆ. ನಿಮ್ಮ ನಿಯಮ ರೋಮನ್ ಅಕ್ಷರ, ಅಂಕಿಗಳನ್ನಷ್ಟೇ ಒಪ್ಪುತ್ತಿದೆ. ಯುನಿಕೋಡ್ ಅಕ್ಷರಗಳನ್ನು ಓದಿಸುವ ‘ಯು’ ಗುರುತು ಸೇರಿಸಿ, ಖಾಲಿ ಜಾಗ, ಕೋನಾವರಣ, ಉದ್ಧರಣ ಚಿಹ್ನೆ ಬಿಟ್ಟು ಉಳಿದದ್ದೆಲ್ಲ ವಿಳಾಸದ ಭಾಗ ಅಂತ ಬರೆಯಿರಿ.

ಆದರೆ ಅಲ್ಲೇ ಇನ್ನೊಂದು ತಾಪತ್ರಯ ಹುಟ್ಟುತ್ತದೆ. ನಾವು ಕನ್ನಡದಲ್ಲಿ ‘ಲ್ಲಿ’, ‘ಗೆ’, ‘ಅನ್ನು’ಗಳನ್ನು ವಿಳಾಸಕ್ಕೇ ಅಂಟಿಸಿ ಬರೆಯುತ್ತೇವೆ. ನಿಯಮ ಸಡಿಲಾದರೆ ಆ ಪ್ರತ್ಯಯವೂ ಲಿಂಕ್‌ನೊಳಗೆ ಹೋಗಿ ಪುಟ ಸಿಗುವುದಿಲ್ಲ. ಬ್ರೌಸರಿನಿಂದ ನಕಲಿಸಿದ ವಿಳಾಸದಲ್ಲಿ ಕನ್ನಡ ಅಕ್ಷರಗಳು ಸಾಮಾನ್ಯವಾಗಿ ಶೇಕಡಾ ಚಿಹ್ನೆಯ ಸಂಕೇತಗಳಾಗಿರುತ್ತವೆ. ಹಾಗಾಗಿ ರೋಮನ್ ಅಕ್ಷರ ಅಥವಾ ಅಂಕಿಯ ಬೆನ್ನಿಗೇ ಕನ್ನಡ ಅಕ್ಷರ ಅಂಟಿದ್ದರೆ ಅಲ್ಲಿಗೆ ಲಿಂಕ್ ಮುಗಿಸಿ. ಓರೆಗೆರೆ ಅಥವಾ ಚುಕ್ಕಿ ಆದ ಮೇಲೆ ಕನ್ನಡ ಬಂದರೆ ಒಳಗೆ ಬಿಡಿ, ‘.ಭಾರತ’ ಡೊಮೇನ್ ಕನ್ನಡ ಲಿಪಿಯಲ್ಲೇ ಇದೆ. ಕನ್ನಡದಲ್ಲೇ ಟೈಪ್ ಮಾಡಿದ ವಿಳಾಸಕ್ಕೆ ಪ್ರತ್ಯಯ ಅಂಟಿದ್ದರೆ ಯಾವ ನಿಯಮಕ್ಕೂ ಗೊತ್ತಾಗುವುದಿಲ್ಲ. ಅದಕ್ಕೆ ಟ್ಯಾಗೇ ಗತಿ. ವಾಕ್ಯದ ಕೊನೆಯ ಚುಕ್ಕಿ, ಅಲ್ಪವಿರಾಮ ಕತ್ತರಿಸಿ.

ಡೇಟಾಬೇಸ್ ಕಾಲಂ ಅಗಲವನ್ನೂ ನೋಡಿ. ಕನ್ನಡದ ಒಂದೊಂದು ಯುನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ಶೇಕಡಾ ರೂಪದಲ್ಲಿ 9 ಅಕ್ಷರ. ‘ಶಿರಸಿ’ ಅಂದರೆ ಶ, ಗುಡಿಸು, ರ, ಸ, ಗುಡಿಸು: 5 ಸಂಕೇತ, 45 ಅಕ್ಷರ. ‘ಹೊನ್ನಾವರ’ 72. ಕನ್ನಡ ವಿಕಿಪೀಡಿಯದ ವಿಳಾಸದ ಮೊದಲ ಭಾಗವೇ 30. ಕಾಲಂ 255 ಇದ್ದರೆ 25 ಸಂಕೇತ ಮೀರಿದ ಶೀರ್ಷಿಕೆ ಹಿಡಿಸುವುದಿಲ್ಲ, ಸ್ಟ್ರಿಕ್ಟ್ ಮೋಡ್ (ಉದ್ದ ಮೀರಿದರೆ ತಪ್ಪು ತೋರಿಸುವ ವ್ಯವಸ್ಥೆ) ಇಲ್ಲದ ಮೈಎಸ್‌ಕ್ಯುಎಲ್ ಡೇಟಾಬೇಸ್ ಬಾಲವನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಟೆಕ್ಸ್ಟ್ ಕಾಲಂ ಮಾಡಿಬಿಡಿ.

ಅಘನಾಶಿನಿ_ದಂಡೆ:
ರಾಶಿ ಉಪಕಾರ ಆತು. ಹೊಸ ಪ್ರಕಟಣೆಗಳು ಸರಿಯಾದವು. ಹಳೆಯವು ಮಾತ್ರ ಮೊದಲಿನ ಹಾಗೇ ಇವೆ.

ಕಾಳಿ_ಸೇತುವೆ, ಕಾರವಾರ:
ಹಳೆಯವುಗಳ ಎಚ್‌ಟಿಎಂಎಲ್ ಸಿದ್ಧವಾಗಿ ಉಳಿಸಿಟ್ಟಿರುತ್ತದೆ. ಆ ಉಳಿಸಿಟ್ಟ ಪ್ರತಿಗಳ ಜಾಗವನ್ನು, ಅಂದರೆ ಕ್ಯಾಶ್ ಖಾಲಿ ಮಾಡಿ. ಡೇಟಾಬೇಸಿನಲ್ಲೇ ಇದ್ದರೆ ಮೂಲ ಪಠ್ಯದಿಂದ ಮತ್ತೆ ತಯಾರಿಸಿ.

ಎಲ್ಲಕ್ಕೂ ಒಂದೇ ಸಲ ‘ಎಸ್’ ಸೇರಿಸುವುದು ಬೇಡ ಮಾರಾಯ್ರೆ. ಪ್ರಮಾಣಪತ್ರ ಇಲ್ಲದ, ಎಚ್‌ಟಿಟಿಪಿಎಸ್ ಬಳಸುವ 443ನೇ ಪೋರ್ಟ್ ತೆರೆಯದ ತಾಣಗಳಿವೆ. ಈಗ ತೆರೆಯುವ ಲಿಂಕ್ ನಾಳೆ ಸತ್ತುಹೋಗುತ್ತದೆ. ಮೊದಲು ಬ್ಯಾಕಪ್. ಆಮೇಲೆ ಡೊಮೇನ್‌ಗಳ ಪಟ್ಟಿ ತೆಗೆದು ಒಂದೊಂದನ್ನೂ ಎಚ್‌ಟಿಟಿಪಿಎಸ್‌ನಲ್ಲಿ ಕರ್ಲ್ (ಆಜ್ಞೆ ಕೊಟ್ಟು ಪುಟ ತರಿಸುವ ಸಾಧನ) ಮಾಡಿ. 200 (ಸರಿಯಾಗಿ ಸಿಕ್ಕಿತು) ಬಂದ ಡೊಮೇನ್ ಮಾತ್ರ ಬದಲಿಸಿ. 301 (ಬೇರೆ ವಿಳಾಸಕ್ಕೆ ಹೋಗು) ಬಂದರೆ ಎಲ್ಲಿಗೆ ಕಳಿಸುತ್ತಿದೆ ನೋಡಿ, ಕೆಲವು ತಾಣ ವಾಪಸ್ ಎಚ್‌ಟಿಟಿಪಿಗೇ ತಳ್ಳುತ್ತವೆ.

‘ಹೇಗೂ ಆ ತಾಣ ತಾನೇ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದಲ್ಲ’ ಅಂತ ಹಳೇದನ್ನು ಹಾಗೇ ಬಿಡಬೇಡಿ. ಆ ಮೊದಲ ವಿನಂತಿ ಗೂಢಲಿಪಿ ಇಲ್ಲದೆ ಹೋಗುತ್ತದೆ, ದಾರಿಯಲ್ಲಿ ಯಾರಾದರೂ ಬೇರೆ ಕಡೆ ತಿರುಗಿಸಬಹುದು. ಮೇಲಾಗಿ ಸರ್ವರಿಗೆ ಹೋಗಿಬರುವ ಒಂದು ಸುತ್ತು ಹೆಚ್ಚು. ಜೋಯಿಡಾ ಕಡೆ ಒಂದೇ ಗೆರೆ ಸಿಗ್ನಲ್ ಇರುವಲ್ಲಿ ಅದು ಎದ್ದು ಕಾಣುತ್ತದೆ.